ಡಾಕ್ಟರ್ ಮುರಿಗೆಪ್ಪನವರ ಸುಣ್ಣದ ಗಂಟು

ಮೂಡಲಗಿಯಿಂದ ಗೋಕಾಕಕ್ಕೆ ಹೊರಟ ಕೆಂಪು ಬಸ್ಸು ನಾಗನೂರ ಮುಟ್ಟುವಷ್ಟರಲ್ಲಿ ಒಳಗಿದ್ದವರೆಲ್ಲ ಅಳುತ್ತಿದ್ದರು. ಮೊದಲು ಹಿಂದಿನ ಸೀಟಿನ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಮುಂದಿದ್ದ ಕಾಲೇಜು ಹುಡುಗಿಯರು ಮೂಗು ಒರೆಸತೊಡಗಿದರು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರನ ಕಣ್ಣಲ್ಲೂ ನೀರು. ನಾಗನೂರಿನಲ್ಲಿ ಹತ್ತಿದ ಯಜಮಾನನೊಬ್ಬ ಈ ಸಾಮೂಹಿಕ ಶೋಕವನ್ನು ನೋಡಿ, ಮುಖ ಸಪ್ಪಗೆ ಮಾಡಿಕೊಂಡು, ಮೆಲ್ಲಗೆ ಮುದುಕಿಯ ಪಕ್ಕ ಕೂತ.

"ಯಾರ್ ಹ್ವಾದ್ರಬೇ?"

"ಯಾರಿಗ್ ಗೊತ್ತೋ ಯಪ್ಪಾ. ಎಲ್ಲಾರೂ ಅಳಾಕತ್ತಾರ, ನಾನೂ ಅಳಾಕತ್ತೇನಿ."

ಕಂಡಕ್ಟರ್ ಮಾತ್ರ ಸರ್ಕಾರಿ ನೌಕರ. ಕಾರಣವಿಲ್ಲದೆ ಅಳಲು ಅವನಿಗೆ ನಿಯಮವಿಲ್ಲ. ನೆಲದ ಮೇಲೆ ಹರಿದ ನೀರಿನ ಜಾಡು ಹಿಡಿದು ಹೋದ. ಅದು ಕೊನೆಯ ಸೀಟಿನಲ್ಲಿ, ಇಸ್ತ್ರಿ ಹಾಕಿದ ಶರ್ಟಿನ, ಹಣೆಗೆ ಅಚ್ಚುಕಟ್ಟಾಗಿ ವಿಭೂತಿ ಹಚ್ಚಿದ ಒಬ್ಬ ದಪ್ಪ ಗೃಹಸ್ಥರ ಕಾಲ ನಡುವಿನ ಚೀಲಕ್ಕೆ ಬಂದು ನಿಂತಿತು.

"ಸಾಹೇಬ್ರ, ಇದರಾಗ ಏನೈತ್ರಿ?"

"ಎಲುಬು," ಎಂದರು ಡಾಕ್ಟರ್ ಮುರಿಗೆಪ್ಪ, ಆದಷ್ಟು ಸಣ್ಣ ದನಿಯಲ್ಲಿ.

"ಯಾರ್ದ್ರಿ?"

"ಮೂಡಲಗಿಯವ್ರ ಒಬ್ರದು."

"ಅವ್ರೆಲ್ಲೆದಾರ್ರಿ?"

"ದವಾಖಾನ್ಯಾಗ. ಆರಾಮ್ ಅದಾರ."

ಕಂಡಕ್ಟರ್ ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದ. "ಅವ್ರು ಅಲ್ಲಿ ಆರಾಮ್ ಅದಾರ, ಅವ್ರ ಎಲುಬು ಇಲ್ಲಿ ನಮ್ಮನ್ನ ಅಳಸಾಕತ್ತೈತಿ. ನೀವ್ ಇಳೀರಿ ಸಾಹೇಬ್ರ."

ಹಾಗೆ ಇಳಿದವರು ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಗೋಕಾಕ ಸೇರಿದರು. ಚೀಲದೊಳಗಿನ ಬಾಟಲಿಯ ಬಿರಡೆ ಸೀಳಿಹೋಗಿತ್ತು. ಒಳಗಿದ್ದದ್ದು ಫಾರ್ಮಲಿನ್, ಅಂದರೆ ಸತ್ತ ಮಾಂಸವನ್ನು ಕೆಡದಂತೆ ಕಾಯುವ, ಬದುಕಿದ್ದವರ ಕಣ್ಣುಮೂಗನ್ನು ಮಾತ್ರ ಕೆಡಿಸುವ ನೀರು.

ಡಾಕ್ಟರ್ ಮುರಿಗೆಪ್ಪನವರ ಹೆಸರಿನಲ್ಲಿ ಮುರಿತವಿದ್ದರೂ ಅವರು ಎಲುಬು ಕೂಡಿಸುವ ಡಾಕ್ಟರಲ್ಲ. ಬೇರೆಯವರು ಕೊಯ್ದು ಕಳಿಸಿದ ಗಂಟು, ಎಲುಬುಗಳನ್ನು ಕಾಗದಕ್ಕಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಸಾಧು ಗಂಟು, ಇದು ದುಷ್ಟ ಗಂಟು ಎಂದು ಬರೆದುಕೊಡುವ ಪೆಥಾಲಜಿಸ್ಟ್. ಗೋಕಾಕದ ಕೋರ್ಟಿನ ಎದುರು ಓಣಿಯಲ್ಲಿ ಅವರ ಲ್ಯಾಬು. ಕೆಳಗಿನ ಅಂತಸ್ತಿನಲ್ಲಿ ವಕೀಲರು, ಮೇಲಿನದರಲ್ಲಿ ಇವರು. ಜನ ಎರಡೂ ಕಡೆ ಗಂಟು ತಂದೇ ಮೆಟ್ಟಿಲು ಹತ್ತುತ್ತಿದ್ದರು. ಕೆಳಗೆ ಕೊಟ್ಟ ಗಂಟು ಕರಗುತ್ತಿತ್ತು, ಮೇಲೆ ಕೊಟ್ಟದ್ದು ಬಾಟಲಿಯಲ್ಲಿ ಭದ್ರವಾಗಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಊರ ಜನರ ಲೆಕ್ಕದಲ್ಲಿ ಡಾಕ್ಟರ್ ಎಂದರೆ ಸೂಜಿ ಮಾಡುವವನು. ಸೂಜಿ ಮಾಡದವನು ಎಷ್ಟು ಓದಿದರೂ ಕಂಪೌಂಡರನ ಅಣ್ಣ. ಅವರ ತಾಯಿ ರಾಮವ್ವನೇ ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದಳು: "ನನ್ನ ಮಗಾ ಡಾಕ್ಟರ್ ಖರೆ. ಆದ್ರ ಅವನ ಪೇಶಂಟ್ ಎಲ್ಲಾ ಬಾಟ್ಲ್ಯಾಗ ಇರ್ತಾರ."

ಜನರ ಮಾತು ಬಿಡಿ, ಅದಕ್ಕೆ ಅವರು ಒಗ್ಗಿದ್ದರು. ಒಗ್ಗದಿದ್ದದ್ದು ಡಾಕ್ಟರುಗಳ ನಡುವಿನ ತಮ್ಮ ಜಾಗಕ್ಕೆ. ವರ್ಷಕ್ಕೊಮ್ಮೆ ರಾಜ್ಯದ ಪೆಥಾಲಜಿಸ್ಟರ ಸಮ್ಮೇಳನ ನಡೆಯುತ್ತಿತ್ತು. ಮುರಿಗೆಪ್ಪ ತಪ್ಪದೆ ಹೋಗುತ್ತಿದ್ದರು, ಕೊರಳಿಗೆ ಹೆಸರಿನ ಬಿಲ್ಲೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತು, ಊಟದ ಚೀಟಿ ಹರಿಸಿ ಬರುತ್ತಿದ್ದರು. ವೇದಿಕೆಯ ಮೇಲೆ ಅವರ ಜೊತೆ ಓದಿದವರೇ ಇರುತ್ತಿದ್ದರು. ಅವರಲ್ಲಿ ರಾಧಿಕಾ ಈಗ ಹುಬ್ಬಳ್ಳಿಯಲ್ಲಿ ದೊಡ್ಡ ಪ್ರೊಫೆಸರು. ಸಿಕ್ಕಾಗೆಲ್ಲ ಪ್ರೀತಿಯಿಂದಲೇ ಕೇಳುತ್ತಿದ್ದಳು: "ಏನೋ ಮುರಿಗ್ಯಾ, ಇನ್ನೂ ಗೋಕಾಕದಾಗ ಅದೀ?" ಗೋಕಾಕ ಏನೋ ಊರಲ್ಲ, ವಾಸಿಯಾಗದ ಕಾಯಿಲೆ ಎಂಬಂತೆ. ಒಂದೇ ಒಂದು ಸಲ ತಾನು ಆ ಮುಂದಿನ ಮೈಕಿನ ಹಿಂದೆ ನಿಲ್ಲಬೇಕು, ಡಾಕ್ಟರುಗಳು ತನ್ನನ್ನು ಡಾಕ್ಟರೆಂದು ಕೇಳಬೇಕು ಎಂಬುದು ಮುರಿಗೆಪ್ಪನವರಿಗೆ ಅಂಟಿಕೊಂಡ ಆಸೆ. ಅದನ್ನು ಹೆಂಡತಿ ಶೋಭಾಗೂ ಪೂರ್ತಿ ಹೇಳಿರಲಿಲ್ಲ.

ಅಂಥದರಲ್ಲಿ ಅವರಿಗೆ ಸುಣ್ಣ ಸಿಕ್ಕಿತು.

ಹುಕ್ಕೇರಿ ಕಡೆಯಿಂದ ಬಂದ ಒಂದು ಕೊಬ್ಬಿನ ಗಂಟನ್ನು ನೋಡುತ್ತಿದ್ದಾಗ ಅದರ ಅಂಚಿನ ತುಂಬ ನೀಲಿ ಹುಡಿ ಕಂಡಿತು. ಬೇರೆ ಬಣ್ಣ ಹಾಕಿ ಪರೀಕ್ಷಿಸಿದರೆ ಕರ್‍ರಗಾಯಿತು. ಅಂದರೆ ಸುಣ್ಣದ ಅಂಶ. ಎಲುಬಿನಲ್ಲಿರಬೇಕಾದದ್ದು ಮೆತ್ತನೆಯ ಮಾಂಸದ ಮೇಲೆ, ದೀಪಾವಳಿಗೆ ಗೋಡೆ ಬಳಿದ ಹಾಗೆ. ವಾರ ಬಿಟ್ಟು ಮೂಡಲಗಿಯ ಗಂಟಿನಲ್ಲೂ ಅದೇ. ಹಳೆಯ ಗಂಟುಗಳ ಚೂರು ಅಂಟಿಸಿಟ್ಟ ಗಾಜುಗಳನ್ನೆಲ್ಲ ಹೊರಗೆ ತೆಗೆದರು. ಹಳ್ಳಿಗಳಿಂದ ಬಂದ ಗಂಟುಗಳಲ್ಲಿ ಸುಣ್ಣವಿತ್ತು, ಗೋಕಾಕ ಪೇಟೆಯವರದರಲ್ಲಿ ಇರಲಿಲ್ಲ. ಕೆಲವು ಮನೆತನಗಳಲ್ಲಿ ಇತ್ತು, ಕೆಲವರಲ್ಲಿ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ ಎಲುಬಿನ ಗಂಟುಗಳ ಮೇಲೆ ಅದು ಒಂದು ಚೂರೂ ಇರಲಿಲ್ಲ.

ಹುಡುಕುವವನಿಗೆ ಸಿದ್ಧಾಂತದ ಬರವಿಲ್ಲ. ಹಳ್ಳಿಯವರು ಬೋರಿನ ನೀರು ಕುಡಿಯುತ್ತಾರೆ, ಪೇಟೆಯವರು ನದಿಯದು. ಹಾಗಾದರೆ ಗಡಸು ನೀರು. ಮನೆತನ ನೋಡಿ ಬರುತ್ತದೆ, ಹಾಗಾದರೆ ವಂಶ. ಎಲುಬಿನಲ್ಲಿಲ್ಲ ಎಂಬುದನ್ನು ಬಿಡಿಸಿದವನು ಲ್ಯಾಬಿನ ಟೆಕ್ನಿಶಿಯನ್ ಸ್ವಪ್ನಿಲ್.

"ಎಲುಬಿನ ಸುಣ್ಣಕ್ಕ ಮಾಂಸಕ್ಕ ಬದ್ಲಿ ಆಗಿರಬೇಕ್ರಿ ಸರ್. ಆರ್ಡರ್ ಮ್ಯಾಲಿಂದ ಬಂದಿರತೈತಿ."

ಮುರಿಗೆಪ್ಪ ಅದನ್ನೇ ಗಂಭೀರ ಇಂಗ್ಲಿಷಿನಲ್ಲಿ ಬರೆದರು. ಆ ಹುಡಿಗೆ 'ಘಟಪ್ರಭಾ ಕಣ' ಎಂದು ಹೆಸರಿಟ್ಟರು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮೃದು ಮಾಂಸದ ಹಾಗೂ ಎಲುಬಿನ ಗಂಟುಗಳ ಅಧ್ಯಯನವೆಂದು ಸಮ್ಮೇಳನಕ್ಕೆ ಕಳಿಸಿದರು. ಬಸ್ಸಿನವರನ್ನೆಲ್ಲ ಅಳಿಸಿದ ಆ ಎಲುಬು ಈ ಅಧ್ಯಯನದ ಕೊನೆಯ ಎಲುಬು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ತಾವೇ ಹೋಗಿ ತಂದದ್ದು.

ಒಂದು ದಿನ ರಾಧಿಕಾಳ ಫೋನು ಬಂತು. "ಮುರಿಗ್ಯಾ, ನಿನ್ನ ಪೇಪರ್ ಎಲ್ಲಾರಿಗೂ ಹಿಡಿಸೇತಿ. ದೊಡ್ಡ ಹಾಲಿನ್ಯಾಗ ಹಾಕೇವಿ. ನನ್ನದ ಅಧ್ಯಕ್ಷತೆ."

ಸಮ್ಮೇಳನದ ಪುಸ್ತಕ ಅಚ್ಚಾಗಿ ಬಂತು. ಫೋಟೋ ಸಹಿತ. ರಾಮವ್ವ ಅದನ್ನು ಓಣಿಯ ತುಂಬ ತೋರಿಸಿದಳು. ಇಂಗ್ಲಿಷು ಯಾರಿಗೂ ಬರದಿದ್ದದ್ದು ಸಂಶೋಧನೆಗೆ ಒಳ್ಳೆಯದೇ ಆಯಿತು.

ಹುಬ್ಬಳ್ಳಿಗೆ ಹೊರಡುವ ವಾರ ಲ್ಯಾಬಿಗೆ ಘೋಡಗೇರಿಯ ಕಾಶೆವ್ವ ಬಂದಳು. ಅವಳ ಗಂಡ ಉದ್ದಪ್ಪನ ಬೆನ್ನಿನ ಗಂಟನ್ನು ಹುಕ್ಕೇರಿಯ ಸರ್ಜನ್ ತೆಗೆದಿದ್ದರು. ಈ ಸೀಮೆಯ ಪದ್ಧತಿಯೆಂದರೆ ಸರ್ಜನ್ ಗಂಟನ್ನು ಬಾಟಲಿಗೆ ಹಾಕಿ ಮನೆಯವರ ಕೈಗೇ ಕೊಡುತ್ತಾರೆ. ಅವರು ಬಸ್ಸು ಹತ್ತಿ ಗೋಕಾಕಕ್ಕೆ ತರುತ್ತಾರೆ. ಉದ್ದಪ್ಪನದು ಬರೀ ಕೊಬ್ಬು, ಸಾಧು ಗಂಟು. ಘಟಪ್ರಭಾ ಕಣಗಳು ಮಾತ್ರ ಅದರ ಮೇಲೆ ಹೇರಳವಾಗಿದ್ದವು. ಸಮ್ಮೇಳನದಲ್ಲಿ ತೋರಿಸಲು ಆರಿಸಿದ್ದ ಅತ್ಯಂತ ಚಂದದ ಚಿತ್ರ ಇದರದೇ.

"ರಿಪೋರ್ಟ್ ಕೊಟ್ಟೇನಲ್ಲವಾ, ಏನೂ ಕಾಳಜಿ ಇಲ್ಲ," ಎಂದರು ಮುರಿಗೆಪ್ಪ.

"ರಿಪೋರ್ಟ್ ಬ್ಯಾಡ್ರಿ ಯಪ್ಪಾ, ಗಂಟ ಕೊಡ್ರಿ. ಉಳದದ್ದು ಎಷ್ಟೈತಿ ಅಷ್ಟ ಕೊಡ್ರಿ. ಹೊಲದಾಗ ಮಣ್ಣ ಕೊಡಬೇಕು."

"ಅದ್ ಗಂಟವಾ. ಮನಶ್ಯಾ ಅಲ್ಲ."

"ಮನಶ್ಯಾನ ಬೆನ್ನ ಮ್ಯಾಗ ಇತ್ತಲ್ರಿ? ನನ್ನ ಮದುವ್ಯಾದಾಗಿಂದ ನೋಡೇನಿ. ಅವ್ರ ಕೂಡ ಉಂಡೈತಿ, ಅವ್ರ ಕೂಡ ಮಲಗೈತಿ. ಅವ್ರು ಸಿಟ್ಟಾದ್ರ ಅದೂ ಕೆಂಪಗಾಗ್ತಿತ್ತು. ಈಗ ಗಟಾರಕ್ಕ ಒಗೀತೀರೇನು?"

ಮುರಿಗೆಪ್ಪ ನಕ್ಕರು. ಬಾಟಲಿ ತರಲು ಸ್ವಪ್ನಿಲನಿಗೆ ಹೇಳಿದರು. ಕಾಶೆವ್ವ ಬೆಂಚಿನ ಮೇಲೆ ಕೂತು, ಸಂಚಿಯಿಂದ ಬಿಳಿಯ ಉಂಡೆಯೊಂದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಒಂದ್ ಮಾತ್ ಕೇಳ್ತೇನ್ರಿ, ನೀವೂ ಹಚ್ಚಿಕೊಳ್ಳೂ ಮಂದಿ, ನಿಮಗ ಗೊತ್ತಿರತೈತಿ. ಇಭೂತಿ ಆಗ ಒಮ್ಮಿ ಹಚ್ಚೇನಿ. ಮಣ್ಣ ಕೊಡೂ ಮುಂದ ಮತ್ತ ಹಚ್ಚಬೇಕೇನ್ರಿ?"

"ಯಾವಾಗ ಹಚ್ಚಿದಿ?"

"ಹುಕ್ಕೇರಿ ಸ್ಟ್ಯಾಂಡಿನ್ಯಾಗ. ಡಾಕ್ಟರು ಕೈಯಾಗ ಕೊಟ್ಟ ಕೂಡ್ಲೆ. ಬಿರಡಿ ತಗದು, ಗಂಟ ಮ್ಯಾಲಕ್ಕೆತ್ತಿ, ಸುತ್ತೂಕಡೆ ಉಂಡಿ ಒತ್ತಿ ತಿಕ್ಕಿದ್ನಿ. ಶಿವಾ ಅಂದು ಮತ್ತ ಒಳಗ ಬಿಟ್ಟ್ನಿ. ಕಣ್ಣಾಗ ನೀರಂದ್ರ ನೀರು ಬಂತ್ ನೋಡ್ರಿ. ಒಂದ್ ಗಂಟಿಗೆ ಇಷ್ಟ್ ಮಾಯಾನಾ ಅಂತ ನನಗ ಆಶ್ಚರ್ಯ ಆತು."

ಮುರಿಗೆಪ್ಪ ತಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಎಲ್ಲಾರೂ ಹಿಂಗ ಮಾಡ್ತಾರೇನವಾ?"

"ಮತ್ತ? ನಮ್ಮ ಮೈಯಾಗಿಂದು ಹೊಂಟೈತಿ, ಬರೇ ಹಣೀಲೆ ಹ್ಯಾಂಗ ಕಳಸೂದ್ರಿ? ಇಭೂತಿ ಹಚ್ಚೂ ಮಂದೆಲ್ಲಾ ಹಚ್ಚತಾರ. ಪ್ಯಾಟ್ಯಾಗಿನವ್ರಿಗೆ ಪುರಸೊತ್ತ ಇಲ್ಲ, ದವಾಖಾನಿಯವ್ರ ಆಟೋದಾಗ ಕಳಿಸಿಬಿಡ್ತಾರ. ನಾವು ಕೈಲೆ ತರತೀವಿ."

ಅಲ್ಲಿಗೆ ನೀರಿನ ಸಿದ್ಧಾಂತ ಹೋಯಿತು, ಅದರ ಹಿಂದೆಯೇ ವಂಶದ್ದೂ. ಎಲುಬಿನ ಪ್ರಶ್ನೆಗೆ ಉತ್ತರ ಮುರಿಗೆಪ್ಪನವರ ಎದುರಿನ ಮೇಜಿನ ಮೇಲೇ ಇತ್ತು. ಎಲುಬನ್ನು ಹೆರೆಯುವ ಮುನ್ನ ಮೆತ್ತಗಾಗಲೆಂದು ಆ್ಯಸಿಡ್ಡಿನಲ್ಲಿ ನೆನೆಹಾಕುತ್ತಾರೆ. ಅದು ಎಲುಬಿನ ಸುಣ್ಣವನ್ನೇ ತಿನ್ನುತ್ತದೆ, ಮೇಲಿನ ವಿಭೂತಿಯನ್ನು ಬಿಡುತ್ತದೆಯೇ? ಬದಲಿ ಆರ್ಡರು ಎಲ್ಲಿಂದಲೂ ಬಂದಿರಲಿಲ್ಲ.

ಉಳಿದ ಗಂಟಿನಲ್ಲಿ ಒಂದು ಚೂರು ಕತ್ತರಿಸಿ ಇಟ್ಟುಕೊಂಡು ಬಾಟಲಿಯನ್ನು ಕಾಶೆವ್ವನಿಗೆ ಕೊಟ್ಟರು. ಅವಳು ಬೆಳಕಿಗೆ ಹಿಡಿದು ನೋಡಿ, "ಭಾಳ ಸೊರಗೈತ್ರಿ," ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಇಟ್ಟುಕೊಂಡ ಚೂರನ್ನು ಎರಡು ಮಾಡಿದರು. ಒಂದನ್ನು ನಳದ ಕೆಳಗೆ ಹಿಡಿದು ಮೆತ್ತಗಿನ ಬ್ರಷ್ಷಿನಿಂದ ತೊಳೆದರು, ಇನ್ನೊಂದನ್ನು ಹಾಗೇ ಬಿಟ್ಟರು. ಮರುದಿನ ಎರಡೂ ಸಿದ್ಧವಾದವು. ತೊಳೆದದ್ದು ಸ್ವಚ್ಛ. ತೊಳೆಯದ್ದರ ಮೇಲೆ ಘಟಪ್ರಭಾ ತುಂಬಿ ಹರಿಯುತ್ತಿತ್ತು. ಅನುಮಾನ ಪೂರ್ತಿ ಹೋಗಲೆಂದು ಮನೆಯಿಂದ ಒಂದು ಚಿಟಿಕೆ ವಿಭೂತಿ ತಂದು ಗಾಜಿನ ಮೇಲೆ ಉದುರಿಸಿ, ಅದೇ ಬಣ್ಣ ಹಾಕಿ ನೋಡಿದರು. ಅದೇ ಹುಡಿ. ಸ್ವಪ್ನಿಲನೂ ಕಣ್ಣಿಟ್ಟು ನೋಡಿದ. ಬಹಳ ಹೊತ್ತು ನೋಡಿದ.

"ಸರ್, ಘಟಪ್ರಭಾ ನಿಮ್ಮ ದೇವ್ರ ಜಗಲಿ ಮ್ಯಾಗ ಹುಟ್ಟೇತ್ರಿ."

"ಬಾಯ್ ಮುಚ್ಚಲೇ."

"ಮುಚ್ಚೇ ಇರ್ತೇನ್ರಿ. ಅದನ್ನ ಹೇಳಾಕತ್ತೇನಿ. ನಾ ಬಾಯ್ ಮುಚ್ಚಿದ್ರ ಹುಬ್ಬಳ್ಳ್ಯಾಗ ಯಾರಿಗ್ ಗೊತ್ತಾಗತೈತಿ?"

ಮನೆಯಲ್ಲಿ ವಿಷಯ ಊಟಕ್ಕೆ ಕೂತಾಗ ಬಂತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಶೋಭಾ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು.

"ತಪ್ಪಾತು, ಬರೂದಿಲ್ಲ ಅಂತ ರಾಧಿಕಾಗ ಫೋನ್ ಮಾಡ್ರಿ."

"ಪುಸ್ತಕ ಅಚ್ಚಾಗೈತಿ. ದೊಡ್ಡ ಹಾಲ್ ಕೊಟ್ಟಾಳ. ಗೋಕಾಕದಾಂವ ಹಿಂಗ ಅಂತ ಜನ್ಮಾ ಪೂರ್ತಿ ನಗತಾರ."

"ಹಂಗಾರ ಹೋಗಿ ಓದಿ ಇಳದ ಬರ್ರಿ. ಊಟದ ಮುಂಚಿನ ಭಾಷಣ ಯಾರ್ ಕೇಳ್ತಾರ? ನಿಮ್ಮ ಸುಣ್ಣಾ ಯಾರ್ ನೆಕ್ಕಿ ನೋಡ್ತಾರ?"

ರಾಮವ್ವನಿಗೆ ಮಾತ್ರ ಇದರಲ್ಲಿ ಯಾವ ಸಂಕಟವೂ ಕಾಣಲಿಲ್ಲ. "ಇಭೂತಿನ ನಿನ್ನ ಹುಬ್ಬಳ್ಳಿ ತನಕಾ ಕರಕೊಂಡ ಹೊಂಟೈತಿ. ಇದಕ್ಕಿಂತ ಹೆಚ್ಚಿಂದ ಏನ್ ಬೇಕೋ ನಿನಗ?"

ಶೋಭಾಳ ಎರಡನೆಯ ಮಾತು ಮುರಿಗೆಪ್ಪನವರಿಗೆ ಹಿಡಿಸಿತು. ಸುಳ್ಳು ಹೇಳುವುದಿಲ್ಲ, ಅಚ್ಚಾದದ್ದನ್ನು ಓದುವುದು, ಅಷ್ಟೇ. ಅಚ್ಚಾದದ್ದೆಲ್ಲ ನಿಜವಾಗಿದ್ದರೆ ಪತ್ರಿಕೆಗಳು ನಡೆಯುತ್ತಿದ್ದವೇ? ಹೀಗೆ ಮನಸ್ಸಿಗೆ ಅರಿವಳಿಕೆ ಕೊಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದರು. ಹೊರಡುವಾಗ ರಾಮವ್ವ ಹಣೆಗೆ ಎಂದಿಗಿಂತ ದಪ್ಪಗೆ ಎಳೆದಿದ್ದಳು.

ಹಾಲು ನಿಜವಾಗಿಯೂ ದೊಡ್ಡದಿತ್ತು. ಎ.ಸಿ. ಎಷ್ಟು ಜೋರಿತ್ತೆಂದರೆ ಶವಾಗಾರದ ಅಭ್ಯಾಸವಿದ್ದವರಿಗೆ ಮಾತ್ರ ಹಾಯೆನಿಸುವಂತಿತ್ತು. ಮುರಿಗೆಪ್ಪ ಮೈಕಿನ ಹಿಂದೆ ನಿಂತರು. ಮೊದಲ ಚಿತ್ರ ಬಂತು, ಎರಡನೆಯದು ಬಂತು. ಉದ್ದಪ್ಪನ ಗಂಟು ಗೋಡೆಯಗಲ ಪರದೆಯ ಮೇಲೆ ನೀಲಿ ಅಂಚಿನ ಇಳಕಲ್ ಸೀರೆಯ ಹಾಗೆ ಹರಡಿಕೊಂಡಾಗ ಮುಂದಿನ ಸಾಲಿನಲ್ಲಿ ಯಾರೋ "ವಾ" ಎಂದರು. ಮೊಬೈಲು ಒತ್ತುತ್ತಿದ್ದವರು ತಲೆ ಎತ್ತಿದರು. ಶೋಭಾಳ ಲೆಕ್ಕ ಅಲ್ಲಿ ತಪ್ಪಿತು. ಊಟದ ಮುಂಚೆಯೂ ಜನ ಕೇಳುತ್ತಿದ್ದರು.

ಕೊನೆಯ ಚಿತ್ರದಲ್ಲಿ, ಹೆಚ್ಚಿನ ಅಧ್ಯಯನ ಅಗತ್ಯ ಎಂದಿತ್ತು. ಚಪ್ಪಾಳೆ ಬಿತ್ತು. ಮುರಿಗೆಪ್ಪ ಕಾಗದ ಮಡಿಸಿ ಇಳಿಯಲು ಒಂದು ಕಾಲು ಮುಂದಿಟ್ಟಿದ್ದರು. ಅಷ್ಟರಲ್ಲಿ ನಡುವಿನ ಸಾಲಿನಿಂದ ಒಬ್ಬ ತರುಣ ಡಾಕ್ಟರ್ ಎದ್ದು ನಿಂತ. ಹೆಸರು ರಾಹುಲ, ವಿಜಯಪುರದವನು. ಇಂಗ್ಲಿಷಿನಲ್ಲಿ ಶುರು ಮಾಡಿದವನು ಉತ್ಸಾಹದಲ್ಲಿ ಕನ್ನಡಕ್ಕೆ ಜಾರಿದ.

"ಸರ್, ಇದು ನಮ್ಮ ಕಡಿಗೂ ಸಿಗಾಕತ್ತೈತ್ರಿ! ನಾ ಏನೋ ಕಸಾ ಅಂತ ಬಿಟ್ಟಿದ್ನಿ. ಇವತ್ತ್ ಕಣ್ಣ ತೆರದ್ರಿ. ಮೂರು ವರ್ಷದ್ದು ಒಂದು ದೊಡ್ಡ ಸ್ಟಡಿ ಮಾಡೋಣ್ರಿ. ಹಳ್ಳಿ ಹಳ್ಳಿ ನೀರು ತರಸ್ತೇನಿ. ನನ್ನ ಪಿಎಚ್‌ಡಿಗೆ ಇದನ್ನ ತಗೋತೇನಿ."

ಮುಂದಿನ ಸಾಲಿನ ಹಿರಿಯ ಪ್ರೊಫೆಸರರೊಬ್ಬರು ಕೂತಲ್ಲಿಂದಲೇ ಕೈ ಎತ್ತಿದರು. ನದಿಯ ಹೆಸರು ಬೇಡ, ಕಂಡುಹಿಡಿದವರ ಹೆಸರಿಡುವುದು ವೈದ್ಯಕೀಯದ ಸಂಪ್ರದಾಯ, ಇದು 'ಮುರಿಗೆಪ್ಪ ಕಣ' ಆಗಲಿ ಎಂದರು. ಮತ್ತೆ ಚಪ್ಪಾಳೆ.

ಮುರಿಗೆಪ್ಪನವರಿಗೆ ಬೇಕಾಗಿದ್ದದ್ದು ಇಷ್ಟೇ, ಬಹುಶಃ ಇಷ್ಟೂ ಅಲ್ಲ. ಮುಂದಿಟ್ಟ ಕಾಲನ್ನು ಹಿಂದಕ್ಕೆ ತಂದುಕೊಂಡರು. ರಾಹುಲ ಇನ್ನೂ ನಿಂತೇ ಇದ್ದ, ಮದುವೆ ನಿಕ್ಕಿಯಾದವನ ಮುಖ ಮಾಡಿಕೊಂಡು. ಈ ಹುಡುಗ ಮೂರು ವರ್ಷ ವಿಜಯಪುರದ ಬಿಸಿಲಿನಲ್ಲಿ ಬೋರಿನ ನೀರು ಬಾಟಲಿಗೆ ತುಂಬುತ್ತ ತಿರುಗುತ್ತಾನೆ. ಆಮೇಲೆ ಒಂದು ದಿನ ಅವನ ಲ್ಯಾಬಿಗೂ ಯಾರೋ ಒಬ್ಬ ಅವ್ವ ಗಂಟು ಕೇಳಿಕೊಂಡು ಬರುತ್ತಾಳೆ.

ರಾಧಿಕಾ ಗಡಿಯಾರ ನೋಡಿ ಮೈಕು ಹತ್ತಿರ ಎಳೆದುಕೊಂಡಳು. ಮುರಿಗ್ಯಾ ಎನ್ನಲಿಲ್ಲ.

"ಡಾಕ್ಟರ್ ಮುರಿಗೆಪ್ಪ, ನಿಮ್ಮ ಅಭಿಪ್ರಾಯದಲ್ಲಿ ಈ ಸುಣ್ಣದ ಮೂಲ ಯಾವುದು? ನೀರೋ, ವಂಶವೋ?"

ಮುರಿಗೆಪ್ಪ ಎದುರಿಗಿದ್ದ ಲೋಟದ ನೀರು ಪೂರ್ತಿ ಕುಡಿದರು.

"ಸಂಚಿ ರೀ," ಎಂದರು.

ಹಾಲಿನಲ್ಲಿ ಯಾರಿಗೂ ತಿಳಿಯಲಿಲ್ಲ. ಆಗ ಹೇಳಿದರು. ಹುಕ್ಕೇರಿಯ ಬಸ್ ಸ್ಟ್ಯಾಂಡು, ಅವ್ವನ ಸಂಚಿ, ಬಿರಡೆ, ವಿಭೂತಿಯ ಉಂಡೆ, ನಳದ ಕೆಳಗೆ ತೊಳೆದ ಚೂರು, ಎಲುಬನ್ನು ನೆನೆಹಾಕುವ ಆ್ಯಸಿಡ್ಡು, ಮನೆಯಿಂದ ತಂದ ಚಿಟಿಕೆ. ಯಾವ ಉಪಮೆಯನ್ನೂ ಬಳಸದೆ, ರಿಪೋರ್ಟು ಬರೆಯುವವರ ಒಣ ದನಿಯಲ್ಲಿ ಹೇಳಿದರು. ನನಗೆ ಇದು ಗೊತ್ತಾಗಿ ಆಗಲೇ ಕೆಲವು ದಿನವಾಗಿತ್ತು, ಓದಿ ಇಳಿದುಬಿಡಬೇಕೆಂದು ಬಂದಿದ್ದೆ ಎಂಬುದನ್ನೂ ಸೇರಿಸಿದರು. ಹಾಲಿನಲ್ಲಿ ಅಷ್ಟೂ ಕಣ್ಣುಗಳು ಮೆಲ್ಲಗೆ ಮೇಲೇರಿ ಅವರ ಹಣೆಯ ಮೇಲಿನ ಮೂರು ಪಟ್ಟೆಗಳ ಮೇಲೆ ನಿಂತವು. ರಾಹುಲ, "ಆದ್ರ ನಮ್ಮ ಕಡೆ..." ಎಂದು ಬಾಯಿ ತೆರೆದವನು ಏನೋ ನೆನಪಾಗಿ, ಮೂಲವ್ಯಾಧಿ ಇದ್ದವನಂತೆ ನಿಧಾನಕ್ಕೆ ಕೂತ. ಹಿರಿಯ ಪ್ರೊಫೆಸರರು ಎತ್ತಿದ ಕೈಯಿಂದ ತಲೆ ಕೆರೆದುಕೊಂಡರು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅದು ಮುಂದಿನವರೆಗೆ ಬರುವಷ್ಟರಲ್ಲಿ ರಾಧಿಕಾ ಮೇಜು ಬಡಿದಳು. ಅವಳ ಮುಖದಲ್ಲಿ ನಗೆ ಇರಲಿಲ್ಲ, ಇದ್ದರೂ ಪ್ರೊಫೆಸರಿಕೆ ಅದನ್ನು ತಡೆದು ಹಿಡಿದಿತ್ತು. ಕಾರ್ಯಕ್ರಮದ ನಿಯಮದಂತೆ ಅಧ್ಯಕ್ಷರದು ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಬರೆದುಕೊಳ್ಳಲು ಪೆನ್ನು ತೆಗೆದಳು. ಅವಳನ್ನು ನೋಡಿ ಹಾಲಿನಲ್ಲಿ ಇನ್ನೂ ಎಷ್ಟೋ ಜನ ಪೆನ್ನು ತೆಗೆದರು.

"ಹಂಗಾರ ಡಾಕ್ಟರ್, ಕಡೀಕ ಈ ಅಧ್ಯಯನದಿಂದ ವೈದ್ಯಲೋಕಕ್ಕ ತಿಳದದ್ದೇನು?"

ಮುರಿಗೆಪ್ಪ ಮಡಿಸಿದ ಕಾಗದವನ್ನು ಜೇಬಿಗೆ ಹಾಕಿಕೊಂಡರು.

"ಮೊದಲ ತೊಳೀಬೇಕ್ರಿ."